ಕಳಕಮ್ಮ ಮಣ್ಣಾಗಲಿಲ್ಲ

ಕಸ್ತೂರೆಮ್ಮ ತಳಕಲ್ಲಿನ ಹೆಣ್ಣುಮಗಳು. ಯಲಬುರ್ಗಾ ಕಡೆಯ ಎರೆಹೊಲದಲ್ಲಿ ಬಿಳಿಜೋಳ, ಕಡಲೆ ಬೆಳೆಯುವ ಮನೆಯಲ್ಲಿ ಹುಟ್ಟಿ ಬೆಳೆದವಳು. ಅವಳ ತವರಿನಲ್ಲಿ ನೀರು ಅಂದರೆ ನೆಲದ ಕೆಳಗೆ ಎಲ್ಲೋ ಆಳದಲ್ಲಿ ಅಡಗಿ ಕೂತಿರುವಂಥದ್ದು. ಬೋರು ಹಾಕಿಸಿದರೂ ಬಹಳ ಸಲ ಬರೀ ಕಲ್ಲಿನ ಪುಡಿ ಮೇಲೆ ಬರುತ್ತಿತ್ತು. ಗಂಗಾವತಿ ಕಡೆಯ ಹಾಲಮರಡಿಯ ಹನಮೇಶನಿಗೆ ಅವಳನ್ನು ಕೊಟ್ಟಾಗ ಓಣಿಯ ಹೆಂಗಸರು, “ಏನ್ ಪುಣ್ಯ ಮಾಡಿದ್ದೆವ್ವ, ಕಾಲುವಿ ನೀರಿನ ಊರಿಗೆ ಹೊಂಟಿ. ಇನ್ನ ಮ್ಯಾಲ ಮೂರ್ಹೊತ್ತೂ ಅನ್ನ ಉಣ್ತಿ” ಅಂತ ಹೊಟ್ಟೆಕಿಚ್ಚುಪಟ್ಟಿದ್ದರು.

ಗಂಡನ ಮನೆಗೆ ಬಂದ ಹೊಸತು. ಆಡು ಕಟ್ಟಲು ಹಿತ್ತಲಲ್ಲಿ ಒಂದು ಗೂಟ ಹೊಡೆದಳು. ಗೂಟ ಮೊಳದುದ್ದ ಇಳಿದಿರಲಿಲ್ಲ, ಬುಡದಿಂದ ಬುಳುಬುಳು ನೀರೆದ್ದಿತು. ಕಸ್ತೂರೆಮ್ಮ ಕೊಡತಿ ಅಲ್ಲೇ ಬಿಸಾಕಿ ಒಳಗೆ ಓಡಿದಳು.

“ಅತ್ತೀ, ಬರ್ರಿ ಇಲ್ಲಿ! ಪೈಪು ಒಡದೆ ಅಂತ ಕಾಣತೈತ್ರಿ!”

ಅತ್ತೆ ಕಳಕಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನೋಡಿ ನಕ್ಕಳು. “ಯಾವ ಪೈಪವಾ ಇಲ್ಲಿ? ಈ ಊರ ನೆಲಾನ ಇಂಥಾದ್ದು. ಎಲ್ಲಿ ಚುಚ್ಚಿದ್ರೂ ನೀರು. ನಾ ಬಂದಾಗ ಹಿಂಗಿರಲಿಲ್ಲ. ನೋಡ್ತಾ ನೋಡ್ತಾ ಹಿಂಗಾತು.”

ಕಳಕಮ್ಮನೂ ಒಣಸೀಮೆಯವಳೇ, ತಾವರಗೇರಾ ಪಕ್ಕದ ಹಳ್ಳಿಯವಳು. ಗಂಡ ಗೋವಾಕ್ಕೆ ದುಡಿಯಲು ಹೋಗಿ ಅಲ್ಲೇ ತೀರಿಕೊಂಡ ಮೇಲೆ ಒಬ್ಬ ಮಗನನ್ನು ಇಟ್ಟುಕೊಂಡು, ನಾಲ್ಕು ಎಕರೆ ಗದ್ದೆಯನ್ನು ತಾನೇ ನಿಂತು ಮಾಡಿಸಿದ್ದಳು. ಬಾಯಿ ಬಹಳ ಜೋರು. ನೀರು ಬಿಡುವ ಸವಡಿಯವನಿಂದ ಹಿಡಿದು ಅಕ್ಕಿ ಗಿರಣಿ ಯಜಮಾನನ ತನಕ ಆಕೆಯ ಕೈಲಿ ಬೈಸಿಕೊಳ್ಳದವರಿರಲಿಲ್ಲ. ಸೊಸೆಗಂತೂ ದಿನಕ್ಕೊಂದು ಪಾಠ. ನಾಟಿ ಹಚ್ಚುವಾಗ ಸಾಲು ಸೊಟ್ಟಾದರೆ ಹಿಂದಿನಿಂದ ಕೆಸರಿನ ಮುದ್ದೆ ಬಂದು ಬೆನ್ನಿಗೆ ಬೀಳುತ್ತಿತ್ತು. ಕಸ್ತೂರೆಮ್ಮ ಎಷ್ಟೋ ಸಲ ಸೀರೆ ಗಂಟು ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿ ಕೂತಿದ್ದುಂಟು. ಕಳಕಮ್ಮನೇ ಬಂದು, “ಏಳ, ಮುದ್ದಿ ಮಾಡೀನಿ, ಆರತೈತಿ” ಅಂತ ಕರೆದುಕೊಂಡು ಹೋಗುತ್ತಿದ್ದಳು.

ಅವರ ಗದ್ದೆ ಎಲ್ಲಕ್ಕಿಂತ ಕೆಳಗೆ, ಹಳ್ಳದ ಮಗ್ಗುಲಿಗೆ. ಮೇಲಿನವರು ಎರಡು ಬೆಳೆಗೂ ತುಂಬಿ ತುಂಬಿ ನೀರು ಕಟ್ಟುತ್ತಿದ್ದರು. ಆ ನೀರು ನೆಲದೊಳಗೆ ಜಿನುಗಿ ಇವರ ಗದ್ದೆಗೆ ಬಂದು ನಿಲ್ಲುತ್ತಿತ್ತು. ಮೊದಲು ಮೂಲೆಯಲ್ಲಿ ಆಪು ಹುಲ್ಲು ಹುಟ್ಟಿತು. ಆಮೇಲೆ ಬೇಸಿಗೆಯಲ್ಲಿ ಸುಣ್ಣ ಬಳಿದಂತೆ ಬೆಳ್ಳಗಾಗತೊಡಗಿತು. ಸವಳು, ಅಂದರೆ ನೆಲದ ಉಪ್ಪು, ಏರಿದ ಕಡೆ ಸಸಿ ತುದಿಯಿಂದ ಸುಟ್ಟುಕೊಂಡು ಬರುತ್ತಿತ್ತು. ಕಾಲಿಟ್ಟರೆ ಮೊಣಕಾಲ ತನಕ ಹೂಳುತ್ತಿತ್ತು. ಒಂದು ವರ್ಷ ಎತ್ತು ಹೂತು, ಹಗ್ಗ ಹಾಕಿ ಎಳೆದು ತೆಗೆದರು. ಕಡೆಗೆ ಎರಡೂವರೆ ಎಕರೆ ಬೀಳು ಬಿತ್ತು. ಕಸ್ತೂರೆಮ್ಮ ಊರ ಹೆಂಗಸರ ಗುಂಪು ಕಟ್ಟಿಕೊಂಡು ಬೇರೆಯವರ ಗದ್ದೆಗೆ ನಾಟಿಗೆ ಹೋಗತೊಡಗಿದಳು.

ಅಷ್ಟರಲ್ಲಿ ಕಳಕಮ್ಮನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಬಾಯಿ ಎಡಕ್ಕೆ ಸೊಟ್ಟಗಾಯಿತು. ಆದರೂ ಬೈಗುಳ ನಿಲ್ಲಲಿಲ್ಲ, ಅರ್ಥವಾಗುತ್ತಿರಲಿಲ್ಲ ಅಷ್ಟೇ. ಮೂರು ವರ್ಷ ಕಸ್ತೂರೆಮ್ಮ ಆಕೆಯನ್ನು ಎತ್ತಿದಳು, ತೊಳೆದಳು, ಗಂಜಿ ಕುಡಿಸಿದಳು. ಒಂದು ಶ್ರಾವಣದ ಬೆಳಿಗ್ಗೆ ಗಂಜಿಯ ಚಮಚ ಬಾಯಿಗಿಟ್ಟರೆ ತುಟಿ ಮುಚ್ಚಲಿಲ್ಲ.

ಹಾಲಮರಡಿಯಲ್ಲಿ ಸತ್ತವರನ್ನು ಅವರವರ ಹೊಲದಲ್ಲೇ ಮಣ್ಣು ಮಾಡುವ ರೂಢಿ. ಊರಿಗೆ ಅಂತ ಇದ್ದ ಸುಡುಗಾಡೂ ತಗ್ಗಿನಲ್ಲಿತ್ತು, ಮಳೆಗಾಲದಲ್ಲಿ ಅಲ್ಲಿ ಎಮ್ಮೆ ಬಿದ್ದುಕೊಳ್ಳುತ್ತಿದ್ದವು. ಹಂಗಾಗಿ ಗದ್ದೆಯ ಬದುವಿನ ಕಡೆ ಕುಣಿ ತೋಡಿದರು. ಸೊಂಟದ ಮಟ್ಟಕ್ಕೆ ಹೋಗುವಷ್ಟರಲ್ಲಿ ನಾಲ್ಕೂ ಕಡೆಯಿಂದ ನೀರು ಇಳಿಯಿತು. ಬಕೆಟ್ಟಿನಲ್ಲಿ ಎತ್ತಿ ಹಾಕಿದರು. ಪಕ್ಕದ ಗದ್ದೆಯ ಅಬ್ದುಲರೌಫ ತನ್ನ ನೀರೆತ್ತುವ ಎಂಜಿನ್ನು ತಂದು ಹಚ್ಚಿದ. ಎಂಜಿನ್ನು ಓಡುವಷ್ಟು ಹೊತ್ತು ತಳ ಕಾಣುತ್ತಿತ್ತು, ನಿಂತರೆ ಮತ್ತೆ ತುಂಬುತ್ತಿತ್ತು. ಬದುವಿನ ಮೇಲೆ ಹೆಣ ಕಾಯುತ್ತಿತ್ತು, ಮಳೆ ಹನಿಯುತ್ತಿತ್ತು.

“ಇನ್ನ ತಡದ್ರ ಆಗಂಗಿಲ್ಲ. ಇಳಸ್ರಿ” ಅಂದರು ಹಿರಿಯರು.

ಇಳಿಸಿದರು. ಕಳಕಮ್ಮ ಕೆಸರು ನೀರಿನಲ್ಲಿ ಒಂದು ಮಗ್ಗುಲಾಗಿ ಮೇಲೆದ್ದಳು. ಯಾರೋ ಬದುವಿನ ಕಲ್ಲು ತಂದು ಸೀರೆಯ ಎರಡೂ ಕಡೆ ಇಟ್ಟರು. ಹನಮೇಶ ಕುಣಿಯೊಳಗೆ ಇಳಿದು ತಾಯಿಯ ಎರಡೂ ಪಾದ ಒತ್ತಿ ಹಿಡಿದುಕೊಂಡ. ಮೇಲಿನಿಂದ ಮಣ್ಣು ಬೀಳುತ್ತಾ ಬಂದು ಅವನ ಮೊಣಕೈ ಮುಚ್ಚುವ ತನಕ ಬಿಡಲಿಲ್ಲ. ಕಸ್ತೂರೆಮ್ಮ ದಂಗಾಗಿ ನಿಂತು ನೋಡಿದಳು. ಅಳು ಬರಲಿಲ್ಲ. ಆವತ್ತಿನಿಂದ ಎಷ್ಟೋ ದಿನ ಅವಳಿಗೆ ಕೊಡದಲ್ಲಿ ಕೈ ಅದ್ದಲು ಆಗುತ್ತಿರಲಿಲ್ಲ. ಗಂಡ ಹೆಂಡತಿ ಆ ಮಾತು ಮತ್ತೆ ಎತ್ತಲಿಲ್ಲ. ಮೇಲೆ ನೆಟ್ಟ ಕಲ್ಲು ಎರಡು ಮಳೆಗಾಲಕ್ಕೆ ಹೂತುಹೋಯಿತು. ಆಪು ಬೆಳೆದು ಗುರುತು ಸಿಗದಂತಾಯಿತು.

ಹತ್ತಾರು ವರ್ಷ ಹಿಂಗೇ ಹೋಯಿತು. ಹೋದ ಬೇಸಿಗೆಗೆ ಮುಂಚಿನ ಬೇಸಿಗೆ, ಸವಳು ಏರಿದ, ನೀರು ನಿಂತು ಜವಳಾದ ಭೂಮಿ ಸುಧಾರಿಸುವ ಕೆಲಸಕ್ಕೆ ಅಂತ ಪಂಪಾಪತಿ ಅನ್ನುವ ಸಾಹೇಬರು ಊರಿಗೆ ಬಂದರು. ಸಣ್ಣ ತೂತುಗಳಿರುವ, ಮೇಲೆ ಬಲೆಬಟ್ಟೆ ಸುತ್ತಿದ ಪೈಪನ್ನು ಎದೆಮಟ್ಟದ ಆಳದಲ್ಲಿ ಹೂಳುತ್ತಾರಂತೆ. ನೆಲದಲ್ಲಿ ಹೆಚ್ಚಾದ ನೀರು, ಅದರ ಜೊತೆ ಉಪ್ಪು, ಎಲ್ಲ ಆ ಪೈಪಿಗೆ ಬಸಿದು ದೊಡ್ಡ ಪೈಪಿಗೆ ಸೇರಿ ಹಳ್ಳಕ್ಕೆ ಹೋಗುತ್ತದಂತೆ.

“ಮೊದಲ ಇದನ್ನ ಸುಟ್ಟ ಮಣ್ಣಿನ ಕೊಳವಿಲೆ ಮಾಡ್ತಿದ್ರು. ಹಂಚಿನ ಹಂಗ ಭಟ್ಟಿಯಾಗ ಸುಟ್ಟು, ಒಂದರ ಬಾಯಿಗೆ ಒಂದು ಜೋಡಿಸಿ ಹೂಳ್ತಿದ್ರು. ಈಗ ಪ್ಲಾಸ್ಟಿಕ್ ಬಂದೈತಿ, ಕೆಲಸ ಮಾತ್ರ ಅದ ಐತಿ” ಅಂದರು ಪಂಪಾಪತಿ.

“ಅಂದ್ರ ನೆಲದಾಗ ಗಟಾರ ಮಾಡ್ತೀರಿ ಅನ್ರಿ” ಅಂದಳು ಕಸ್ತೂರೆಮ್ಮ.

“ಹೂಂ, ಹಂಗ ತಿಳ್ಕೊರಿ. ಆದ್ರ ಎಲ್ಲಾರೂ ಒಪ್ಪಬೇಕು. ಮ್ಯಾಲಿನವರ ನೀರೆಲ್ಲಾ ನಿಮ್ಮ ಗದ್ದಿಯಾಗ ಹಾದು ಹಳ್ಳಕ್ಕ ಹೋಗಬೇಕು. ನಿಮ್ಮದ ಕಡೀದು.”

ಹನಮೇಶ ತಕರಾರು ತೆಗೆದ. ಎಲ್ಲರ ಹೊಲಸು ತಮ್ಮ ಹೊಲದೊಳಗೇಕೆ ಅಂತ. ಕಸ್ತೂರೆಮ್ಮನೇ ಅವನನ್ನು ಒಪ್ಪಿಸಿದಳು. “ಈಗೇನು ಅವರ ನೀರು ಬರಾಕ ಹತ್ತಿಲ್ಲೇನು? ಬಂದು ಕುಂದ್ರೂದು ಬ್ಯಾಡ, ದಾಟಿ ಹೋಗ್ಲಿ ಅಂತೀನಿ” ಅಂದಳು.

ಕಾಲುವೆ ನೀರು ನಿಂತ ಮೇಲೆ, ಸುಡುಬಿಸಿಲಿನಲ್ಲಿ ಕೆಲಸ ಶುರುವಾಯಿತು. ಮೇಲಿನ ಗದ್ದೆಗಳ ಪೈಪು ಮುಗಿಯಿತು. ಅಬ್ದುಲರೌಫನ ಗದ್ದೆಯೂ ಆಯಿತು. ಕಡೆಯ ದೊಡ್ಡ ಪೈಪಿಗೆ ಹನಮೇಶನ ಗದ್ದೆಯಲ್ಲಿ ಜೆಸಿಬಿ ಕಂದಕ ತೋಡುತ್ತಿತ್ತು. ತಾಯಿಯ ಕುಣಿ ಬದುವಿನ ಆ ತುದಿಗಿತ್ತು ಅಂತ ಹನಮೇಶ ಅಂದಾಜಿನ ಮೇಲೆ ಕೈ ಮಾಡಿ ತೋರಿಸಿದ್ದ. ಜೆಸಿಬಿ ಅಲ್ಲಿಂದ ಬಹಳ ಈಚೆ ಇತ್ತು. ಕಸ್ತೂರೆಮ್ಮ ಕೆಲಸದವರಿಗೆ ಚಹಾ ತಂದು ಲೋಟಕ್ಕೆ ಸುರಿಯುತ್ತಿದ್ದಳು.

ಡ್ರೈವರ್ ಏನೋ ಕಿರುಚಿದ. ಎಂಜಿನ್ನು ಬಂದ್ ಮಾಡಿ, ಸೀಟಿನಿಂದ ಹಾರಿ, ಚಪ್ಪಲಿ ಬಿಟ್ಟು ಓಡಿದ.

ಕಸ್ತೂರೆಮ್ಮ ಚಹಾ ಕಿಟಲಿ ಹಿಡಿದುಕೊಂಡೇ ಹತ್ತಿರ ಹೋದಳು. ಬಕೆಟ್ಟು ಮಣ್ಣನ್ನು ಒಂದು ಕಡೆ ಹೋಳು ಮಾಡಿ ತೆಗೆದಿತ್ತು. ಕಂದಕದ ಗೋಡೆಯಲ್ಲಿ, ಕಪ್ಪು ಜಿಗುಟು ಮಣ್ಣಿನ ನಡುವೆ, ನೀಲಿ ಬಟ್ಟೆ ಕಂಡಿತು. ಚಿಕ್ಕಿಪರಾಸಿನ ಇಳಕಲ್ ಸೀರೆ. ಆ ಸೀರೆಯನ್ನು ಅವಳೇ ಟ್ರಂಕಿನಿಂದ ತೆಗೆದು, ಅವಳೇ ಉಡಿಸಿದ್ದಳು. ಬಣ್ಣ ಕೂಡ ಪೂರ್ತಿ ಹೋಗಿರಲಿಲ್ಲ. ಅದರ ಮೇಲೆ ಮುಖ.

ಅದು ಬುರುಡೆಯಾಗಿರಲಿಲ್ಲ. ಮುಖವೇ ಆಗಿತ್ತು. ಬಟ್ಟೆ ಸೋಪಿನಂತೆ ಮಂಕು ಬಿಳುಪು, ಮೂಗು ತುಸು ಚಪ್ಪಟೆಯಾಗಿತ್ತು, ಕಣ್ಣು ಒಳಗೆ ಹೋಗಿದ್ದವು. ಬಾಯಿ ಎಡಕ್ಕೆ ಸೊಟ್ಟಗಿತ್ತು. ಲಕ್ವಾ ಹೊಡೆದಾಗ ಹೆಂಗಿತ್ತೋ ಹಂಗೇ.

ಕಿಟಲಿ ಕೈಯಿಂದ ಜಾರಿ ಬಿದ್ದು ಕುದಿಯುವ ಚಹಾ ಪಾದದ ಮೇಲೆ ಚೆಲ್ಲಿತು. ಕಸ್ತೂರೆಮ್ಮನಿಗೆ ಉರಿ ಗೊತ್ತಾಗಲಿಲ್ಲ. “ಅತ್ತೀ” ಅಂದಳು. ಕರೆಯಬೇಕು ಅಂತ ಕರೆದದ್ದಲ್ಲ, ಬಾಯಿ ತಾನಾಗಿ ಅಂದಿತು. ಅದಕ್ಕಿಂತ ಘೋರವೆಂದರೆ, ಒಂದು ಗಳಿಗೆ ಅವಳು ಉತ್ತರಕ್ಕೆ ಕಾದಳು.

ಹನಮೇಶ ಓಡಿ ಬಂದವನು ಕಂದಕದ ದಂಡೆಯಲ್ಲೇ ಕುಸಿದು ಕೂತ. ಅವನ ಹಲ್ಲು ಕಟಕಟ ಅನ್ನುತ್ತಿದ್ದವು, ಅಂಥ ಬಿಸಿಲಿನಲ್ಲಿ. ಅಬ್ದುಲರೌಫ ತನ್ನ ಹೆಗಲ ಟವೆಲ್ಲು ತೆಗೆದು ಮುಖದ ಮೇಲೆ ಹೊದಿಸಿ, “ಯಾ ಅಲ್ಲಾ, ಇದೇನಿದು” ಅಂತ ಹಿಂದೆ ಸರಿದ.

ಪಂಪಾಪತಿ ಸಾಹೇಬರ ಮುಖವೂ ಬಿಳುಚಿಕೊಂಡಿತ್ತು. ನೀರು ಕುಡಿದು ಸುಧಾರಿಸಿಕೊಂಡು ಹೇಳಿದರು: “ಇಂಥಾದ್ದು ಆಗತೈತಿ ಅಂತ ಓದಿದ್ದೆ ತಾಯಿ, ಕಣ್ಣಿಲೆ ಕಂಡಿರಲಿಲ್ಲ. ಜವಳು ಮಣ್ಣಾಗ ಗಾಳಿ ಆಡಂಗಿಲ್ಲ. ಹೆಣ ಕೊಳಿಯೂದು ನಿಂತು, ಮೈಯಾಗಿನ ಕೊಬ್ಬು ಸೋಪಿನ ಹಂಗ ಗಟ್ಟಿ ಆಗಿಬಿಡತೈತಂತ.”

ಕಸ್ತೂರೆಮ್ಮನಿಗೆ ಅದು ತಿಳಿಯಿತು. ಆ ತಗ್ಗಿನಲ್ಲಿ ಯಾವಾಗಲೋ ಹೂತ ನೆಲ್ಲಿನ ಕೊಯ್ಲಿಗಳು, ಕೊಯ್ದು ಉಳಿದ ಬುಡಗಳು, ವರ್ಷಗಟ್ಟಲೆ ಕೊಳೆಯದೆ ಕರ್ರಗೆ ಹಂಗೇ ಸಿಗುತ್ತಿದ್ದವು. ಕೊಯ್ಲಿಯ ಮಾತು ಬೇರೆ. ಇದು ಮನೆಯ ಮನುಷ್ಯಳು.

ಪೊಲೀಸರು ಬಂದರು. ಊರ ಹಿರಿಯರು, ಇದು ಇಂಥವರ ಹೆಣ, ನಾವೇ ಮಣ್ಣು ಕೊಟ್ಟದ್ದು ಅಂತ ಹೇಳಿದರು. ಬೇರೆ ಕಡೆ ಮಣ್ಣು ಮಾಡಲು ಅಡ್ಡಿಯಿಲ್ಲ, ಲಗೂನ ಮುಗಿಸಿರಿ ಅಂತ ಹೇಳಿ ಅವರು ಹೋದರು. ಆದರೆ ಅಷ್ಟರೊಳಗೆ ಬೇರೊಂದು ಶುರುವಾಗಿತ್ತು.

ನಾಗೇಶ ಅನ್ನುವವನು, ಪಂಚಾಯ್ತಿ ಇಲೆಕ್ಷನ್ನಿಗೆ ಎರಡು ಸಲ ನಿಂತು ಸೋತವನು, ಮೊಬೈಲು ಹಿಡಿದು ಟವೆಲ್ಲು ಸರಿಸಿ ವಿಡಿಯೋ ತೆಗೆದಿದ್ದ. ಸಂಜೆ ಹೊತ್ತಿಗೆ ಕಾರಟಗಿ, ಕನಕಗಿರಿ, ಆನೆಗೊಂದಿ ತನಕ ಸುದ್ದಿ ಮುಟ್ಟಿತ್ತು. ಮರುದಿನ ಬೆಳಗಾಗುವಷ್ಟರಲ್ಲಿ ಟಂಟಂ ಗಾಡಿ ತುಂಬಿ ತುಂಬಿ ಜನ ಬಂದರು. ಕಂದಕದ ದಂಡೆಯ ಮೇಲೆ ತೆಂಗಿನಕಾಯಿ, ಊದಿನಕಡ್ಡಿ, ಮಲ್ಲಿಗೆ. ಹೆಂಗಸರು ಮಣ್ಣಿಗೆ ಹಣೆ ಹಚ್ಚುತ್ತಿದ್ದರು. ಒಬ್ಬಾಕೆ ಇಳಿದು ಆ ಬಿಳಿ ಹಣೆಗೆ ಅರಿಶಿನ ಬಳಿದೇ ಬಿಟ್ಟಳು.

ಕಸ್ತೂರೆಮ್ಮ ಸುಟ್ಟ ಪಾದಕ್ಕೆ ಬಟ್ಟೆ ಕಟ್ಟಿಕೊಂಡು ದೂರದಲ್ಲಿ ನಿಂತು ನೋಡುತ್ತಿದ್ದಳು. ತಾನು ಕನಸು ಕಾಣುತ್ತಿಲ್ಲ ತಾನೇ ಅಂತ ಅವಳಿಗೆ ಅನುಮಾನ ಬಂತು. ಕಳಕಮ್ಮ ಬದುಕಿದ್ದಾಗ ಮುಖ ಕಂಡರೆ ಓಣಿ ಬದಲಿಸುತ್ತಿದ್ದ ಜನ ಈಗ ಸಾಲಿನಲ್ಲಿ ನಿಂತಿದ್ದರು.

“ಗದ್ದಿಗಿ ಕಟ್ಟೂಣು. ಸದ್ಯಕ್ಕ ಒಂದು ತಗಡಿನ ಚಪ್ಪರ ಸಾಕು. ಆಕಿ ಈ ಊರು ಉದ್ಧಾರ ಮಾಡಾಕ ಎದ್ದು ಬಂದಾಳ” ಅಂತ ನಾಗೇಶ ಜನರ ನಡುವೆ ಓಡಾಡುತ್ತಿದ್ದ.

ಪಂಪಾಪತಿ ಕಸ್ತೂರೆಮ್ಮನ ಹತ್ತಿರ ಬಂದರು. “ತಾಯಿ, ಪೈಪಿನ ಇಳಿಜಾರು ಅಲ್ಲೇ ಐತಿ. ಬಳಸಿ ಒಯ್ದರ ಏರಾಗತೈತಿ, ನೀರು ಹಿಂದಕ್ಕ ನಿಂತುಬಿಡತೈತಿ. ಮ್ಯಾಲಿನವರ ಪೈಪೆಲ್ಲಾ ಹೂಳಿ ಆಗ್ಯಾವು. ಇಲ್ಲಿ ಗದ್ದಿಗಿ ಕಟ್ಟಿದ್ರ ಎಲ್ಲಾರ ಗದ್ದಿಗೂ ನೀರು ಏರತೈತಿ. ಕಾಲುವಿ ಬಿಡೂದರೊಳಗ ಮಷೀನು ಮುಂದಿನ ಊರಿಗೆ ಹೋಗಬೇಕು. ಏನ್ ಮಾಡೂಣ?”

ಅವಳು ಗಂಡನನ್ನು ಹುಡುಕಿದಳು. ಹನಮೇಶ ಜನರ ಸಾಲಿನ ಮುಂದೆ, ಮೈಮೇಲೆ ಅಂಗಿಯಿಲ್ಲದೆ, ಕೈಯಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ. ಯಾರೋ ಅವನ ಕಾಲಿಗೆ ಬೀಳುತ್ತಿದ್ದರು. ಕಸ್ತೂರೆಮ್ಮ ಅವನ ತೋಳು ಹಿಡಿದು ಜೆಸಿಬಿಯ ಮರೆಗೆ ಎಳೆದುಕೊಂಡು ಹೋದಳು.

“ಏನ್ರಿ ಇದು? ನೀವೂ ಹಿಂಗಾ?”

ಹನಮೇಶ ಅವಳ ಕಣ್ಣು ನೋಡಲಿಲ್ಲ. ತನ್ನ ಎರಡೂ ಅಂಗೈ ನೋಡಿಕೊಂಡು ಹೇಳಿದ: “ಇವು ಒತ್ತಿ ಹಿಡದಾವ ಕಸ್ತೂರಿ. ಅವ್ವ ಏಳಾಕ ಹತ್ತಿದ್ಲು, ಇವು ನೀರಾಗ ಒತ್ತಿ ಹಿಡದಾವ. ದಿನಾ ಉಣ್ಣಾಕ ಕುಂತ್ರ ಅದ ಕಣ್ಣಿಗೆ ಬರತೈತಿ. ಈಗ ನೋಡು, ಆಕಿ ಸಿಟ್ಟಾಗಿಲ್ಲ. ದೇವ್ರಾಗ್ಯಾಳ.”

ಇಷ್ಟು ವರ್ಷ ಪಕ್ಕದಲ್ಲಿ ಮಲಗಿದ ಗಂಡ ಇದನ್ನು ಹೊತ್ತುಕೊಂಡಿದ್ದ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ತನಗೊಬ್ಬಳಿಗೇ ಆ ದಿನ ಗಂಟಲಲ್ಲಿ ಸಿಕ್ಕಿದೆ ಅಂದುಕೊಂಡಿದ್ದಳು. ಅವಳು ಜೆಸಿಬಿಯ ಗಾಲಿಗೆ ಆತುಕೊಂಡಳು.

ಅಷ್ಟರಲ್ಲಿ ಗಾಳಿ ತಿರುಗಿತು. ಅವಳ ಮೂಗಿಗೆ ವಾಸನೆ ಬಡಿಯಿತು.

ಹಿಂದಿನ ದಿನ ಆ ವಾಸನೆ ಇರಲಿಲ್ಲ. ಅವಳು ದಂಡೆಗೆ ಓಡಿ, ಜನರನ್ನು ಸರಿಸಿ, ಒಳಗೆ ಬಗ್ಗಿ ನೋಡಿದಳು. ಬಿಸಿಲು ನೇರ ಮುಖದ ಮೇಲೆ ಬಿದ್ದಿತ್ತು. ಕೆನ್ನೆ ಕಂದಿ ಬಿರುಕು ಬಿಟ್ಟಿತ್ತು. ಅರಿಶಿನದ ಮೇಲೆ ನೊಣ ಕೂತಿದ್ದವು. ಮುಂದಿನ ಸಾಲಿನ ಹೆಂಗಸರು ಒಂದು ಕೈಯಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕೈ ಎತ್ತಿ ನಮಸ್ಕಾರ ಮಾಡುತ್ತಿದ್ದರು. ಕಸ್ತೂರೆಮ್ಮ ಅದನ್ನು ಕಂಡಳು.

“ಸರೀರಿ ಹಿಂದಕ್ಕ!” ಅಂತ ಅರಚಿ, ಕಂದಕಕ್ಕೆ ಧುಮುಕಿದಳು. ತನ್ನ ಸೆರಗಿನಿಂದ ಅತ್ತೆಯ ಮುಖ ಮುಚ್ಚಿ, ಅಡ್ಡ ನಿಂತಳು.

“ಏನ್ ನೋಡಾಕ ಬಂದೀರಿ? ಈಕಿ ದೇವ್ರಲ್ಲ. ಕಳಕಮ್ಮ. ಈಕೀನ ನಾವು ನೀರಾಗ ಹೂಳಿದ್ದು. ನಾಗೇಶಾ, ನಿಮ್ಮಪ್ಪ ಆವತ್ತು ಇದ್ದ, ಕಲ್ಲು ತಂದು ಕೊಟ್ಟ. ರೌಫಣ್ಣ ಇದ್ದ, ಎಂಜಿನ್ನು ಹಚ್ಚಿದ. ಹಿರಿಯರು ನೀವೂ ಇದ್ರಿ. ಕುಣಿಯಾಗ ನೀರು ತುಂಬಿದ್ದು ಯಾರಿಗೆ ಗೊತ್ತಿಲ್ಲ? ಸತ್ತ ಮನಿಷಾ ಮಣ್ಣಾಗಬೇಕು. ಈಕೀಗೆ ಮಣ್ಣಾಗಾಕೂ ಬಿಡಲಿಲ್ಲ ಈ ನೆಲ. ಈಕಿ ಎದ್ದು ಬಂದಿಲ್ಲ. ಸಿಕ್ಕೊಂಡಾಳ!”

ನಾಗೇಶ ಬಾಯಿ ತೆರೆದ, “ಅಕ್ಕಾ, ಭಕ್ತರ ಭಾವನಾ ಅಂತ ಒಂದು...” ಅನ್ನುವಷ್ಟರಲ್ಲಿ ಅವನ ತಂದೆಯೇ ಗುಂಪಿನ ಹಿಂದಿನಿಂದ, “ಸಾಕ್ ಸುಮ್ನಿರಲೇ” ಅಂದ. ಮುದುಕ ಜನರನ್ನು ಸರಿಸಿ ಮುಂದೆ ಬಂದ. “ಆಕಿ ಹೇಳೂದು ಖರೇ ಐತಿ. ನಾನ ಕಲ್ಲು ತಂದಿದ್ದೆ.”

ಅಬ್ದುಲರೌಫ ಕೈ ಕೊಟ್ಟು ಕಸ್ತೂರೆಮ್ಮನನ್ನು ಮೇಲೆ ಎತ್ತಿದ. “ಭಾಬಿ, ಎಲ್ಲಿಗೆ ಒಯ್ಯೂದು ಹೇಳು. ನನ್ನ ಟ್ರ್ಯಾಕ್ಟರ್ ಐತಿ.”

ಎಲ್ಲಿಗೆ ಅನ್ನುವುದೇ ಪ್ರಶ್ನೆ. ಹಾಲಮರಡಿಯಲ್ಲಿ ತೋಡಿದಲ್ಲೆಲ್ಲ ನೀರು. ಕಸ್ತೂರೆಮ್ಮ ತಾವರಗೇರಾ ಪಕ್ಕದ ಹಳ್ಳಿಗೆ, ಕಳಕಮ್ಮನ ಅಣ್ಣನ ಮಗ ಹುಲಿಗೇಶನಿಗೆ ಫೋನು ಹಚ್ಚಿದಳು. ಅವನೂ ವಿಡಿಯೋ ನೋಡಿದ್ದ.

“ಅದು ನಮ್ಮ ಅತ್ತೀನ ಏನವ್ವ ಅಂತ ನಿನ್ನೆಯಿಂದ ಕೇಳಾಕ ಧೈರ್ಯ ಆಗಿರಲಿಲ್ಲ” ಅಂದ. “ತರ್ರಿ. ನಮ್ಮ ಹೊಲಕ್ಕ ತರ್ರಿ. ಆಕಿ ಹುಟ್ಟಿದ ನೆಲಾನ ಐತಿ. ಕುಣಿ ನಾ ತೋಡಸ್ತೀನಿ.”

ಮರದ ಹಲಗೆಯ ಮೇಲೆ, ಉಪ್ಪು, ಬೇವಿನ ಸೊಪ್ಪು ಹಾಸಿ, ಹೊಸ ಬಿಳಿ ಬಟ್ಟೆ ಸುತ್ತಿದರು. ಕಸ್ತೂರೆಮ್ಮ ಎರಡನೇ ಸಲ ಅತ್ತೆಯನ್ನು ಸಿದ್ಧ ಮಾಡಿದಳು. ಕೈ ತಾಗಿದ ಕಡೆಯೆಲ್ಲ ಒದ್ದೆ ಮೇಣ ಮುಟ್ಟಿದಂತಿತ್ತು. ವಾಂತಿ ಬಂದಾಗ ಎದ್ದು ಹೋಗಿ, ಬಾಯಿ ಮುಕ್ಕಳಿಸಿ, ಮತ್ತೆ ಬಂದು ಕೂತಳು. ಹನಮೇಶ ಹತ್ತಿರ ಬರಲಿಲ್ಲ. ಟ್ರಾಲಿ ಹೊರಟಾಗ ಮಾತ್ರ ಓಡಿ ಬಂದು ಹತ್ತಿ, ಮೂಲೆಯಲ್ಲಿ ಮುದುರಿ ಕೂತ.

ಟ್ರ್ಯಾಕ್ಟರ್ ಕನಕಗಿರಿ ದಾಟಿತು. ಹಸಿರು ಮುಗಿದು ಕೆಂಪು ನೆಲ ಶುರುವಾಯಿತು. ಮುಳ್ಳುಗಂಟಿ, ಕಲ್ಲಿನ ಬದು, ಅಲ್ಲೊಂದು ಇಲ್ಲೊಂದು ಬೇವಿನ ಮರ. ಹುಲಿಗೇಶನ ಹೊಲದಲ್ಲಿ ಇಬ್ಬರು ಆಳು ಇನ್ನೂ ತೋಡುತ್ತಲೇ ಇದ್ದರು. ಹಾರೆ ಬಿದ್ದರೆ ಠಣ್ ಅನ್ನುತ್ತಿತ್ತು. ತಲೆ ಮುಳುಗುವಷ್ಟು ಆಳಕ್ಕೆ ಹೋಗಿದ್ದರೂ ಮೇಲೆ ಬರುತ್ತಿದ್ದದ್ದು ಪುಡಿ ಗರಸು, ಗಾಳಿಗೆ ಹಾರುವ ಧೂಳು.

ಆಳುಗಳು ಮೇಲೆ ಬಂದ ಮೇಲೆ ಹನಮೇಶ ಯಾರಿಗೂ ಹೇಳದೆ ಕುಣಿಯೊಳಗೆ ಇಳಿದ. ಕಸ್ತೂರೆಮ್ಮ ಅಂಚಿಗೆ ಓಡಿದಳು. ಬಗ್ಗಿ ನೋಡಿದರೆ ಅವನು ಕುಣಿಯ ಗೋಡೆಗಳನ್ನು ಅಂಗೈಯಿಂದ ಸವರುತ್ತಿದ್ದ. ತಳದ ಮಣ್ಣು ಹಿಡಿಯಲ್ಲಿ ಹಿಡಿದು ಹಿಂಡಿ ನೋಡುತ್ತಿದ್ದ. ಅದು ಬೆರಳ ಸಂದಿಯಿಂದ ಸುರ್ರನೆ ಸೋರಿಹೋಗುತ್ತಿತ್ತು.

“ಒಣಗೈತಿ” ಅಂದ. “ಕಸ್ತೂರೀ, ಪೂರಾ ಒಣಗೈತಿ.” ಹಂಗೇ ಗೋಡೆಗೆ ತಲೆ ಹಚ್ಚಿ ಗೊಳೋ ಅಂತ ಅತ್ತ. ಇಷ್ಟು ವರ್ಷದ ಅಳು. ಹುಲಿಗೇಶ ಅವನನ್ನು ಮೇಲೆತ್ತಲು ಹೋದ. ಕಸ್ತೂರೆಮ್ಮ, “ಇರ್ಲಿ ತಡೀರಿ. ಅಳ್ಲಿ” ಅಂದಳು.

ತಾಯಿಯನ್ನು ಇಳಿಸುವಾಗ ತಲೆಯ ಕಡೆ ಹನಮೇಶನೇ ಹಿಡಿದ. ಯಾರೂ ಒತ್ತಿ ಹಿಡಿಯಬೇಕಾಗಲಿಲ್ಲ.

ಅವರು ತಿರುಗಿ ಬಂದ ಮರುದಿನವೇ ಪಂಪಾಪತಿ ಉಳಿದ ಪೈಪು ಹೂಳಿಸಿದರು. ಸಾಲಿನ ನಡುವೆ ಒಂದು ಚೇಂಬರು, ಅಂದರೆ ಸಿಮೆಂಟಿನ ಬಳೆ ಇಳಿಸಿದ ಭಾವಿಯಂಥದ್ದು. ಹಳ್ಳದ ದಂಡೆಯಲ್ಲಿ ಪೈಪಿನ ಬಾಯಿ. ಮೊದಲು ಕರ್ರನೆಯ ಕೆಸರು ಬಂತು, ಆಮೇಲೆ ನೀರು ತಿಳಿಯಾಗಿ ಕೈ ದಪ್ಪ ಸುರಿಯತೊಡಗಿತು. ಕಸ್ತೂರೆಮ್ಮ ಬೊಗಸೆ ಹಿಡಿದು ನಾಲಿಗೆಗೆ ಹಚ್ಚಿದಳು. ಕಟುವಾದ ಉಪ್ಪು. ಕಾಲುವೆ ನೀರು ನಿಂತಿದ್ದರೂ, ಮಳೆ ಇಲ್ಲದಿದ್ದರೂ, ಅದು ಹಗಲು ರಾತ್ರಿ ಸುರಿಯಿತು. ನೆಲದೊಳಗೆ ಇಷ್ಟು ನೀರು ನಿಂತಿತ್ತಾ ಅಂತ ಅವಳು ಬೆಕ್ಕಸಬೆರಗಾದಳು. ಇದರ ಮೇಲೆ ತಾವು ಮನೆ ಕಟ್ಟಿ, ಒಲೆ ಹೂಡಿ, ಮಲಗಿ ಎದ್ದಿದ್ದೆವಲ್ಲ.

ಮೊದಲ ಮಳೆಗಾಲ ಬೆಳೆ ಏನೂ ಕೈಗೆ ಹತ್ತಲಿಲ್ಲ. ಬರೀ ನೀರು ಕಟ್ಟುವುದು, ಉಪ್ಪು ತೊಳೆದು ಬಿಡುವುದು. ಎರಡನೇ ವರ್ಷ ಬೀಳಿನಲ್ಲಿ ಒಂದೂವರೆ ಎಕರೆ ನೆಲ್ಲು ನಿಂತಿತು. ಹಳ್ಳದ ಮೂಲೆ ಇನ್ನೂ ಬೆಳ್ಳಗೇ ಇದೆ, ಅದು ಸುಧಾರಿಸುತ್ತದೋ ಇಲ್ಲವೋ ಪಂಪಾಪತಿಗೂ ಖಾತ್ರಿಯಿಲ್ಲ. ಕಸ್ತೂರೆಮ್ಮ ಈಗಲೂ ಬೇರೆಯವರ ನಾಟಿಗೆ ಹೋಗುತ್ತಾಳೆ. ಆದರೆ ಗುಂಪನ್ನು ಮೊದಲು ತನ್ನ ಗದ್ದೆಗೆ ಇಳಿಸುತ್ತಾಳೆ. ಹನಮೇಶ ವಾರಕ್ಕೊಮ್ಮೆ ಚೇಂಬರಿನ ಮುಚ್ಚಳ ತೆಗೆದು ಹೂಳು ನೋಡುತ್ತಾನೆ. ಊಟಕ್ಕೆ ಕೂತಾಗ ಸುಮ್ಮನೆ ತಟ್ಟೆ ನೋಡುತ್ತಾ ಕೂಡುವುದು ನಿಂತಿದೆ.

ಮೊನ್ನೆ ಸುಗ್ಗಿಯ ಹೊತ್ತಿಗೆ ಒಬ್ಬ ಹೆಂಗಸು ಬದುವಿನ ಮೇಲೆ ನಡೆದುಕೊಂಡು ಬಂದಳು. ಜೊತೆಗೆ ಮದುವೆ ವಯಸ್ಸಿನ ಮಗಳು. ಹುಡುಗಿ ನೆಲ ನೋಡಿಕೊಂಡೇ ನಿಂತಿದ್ದಳು, ಮೊಣಕೈ ಮೇಲೆ ಹಿಂದೆ ಬಿದ್ದು ಆದ ಗಾಯದ ಕಲೆಗಳು. ಕೈಯಲ್ಲಿ ತೆಂಗಿನಕಾಯಿಯ ಚೀಲ.

“ಅಕ್ಕಾ, ಕಳಕಮ್ಮ ದೇವಿ ಗದ್ದಿಗಿ ಎಲ್ಲೈತ್ರಿ?”

ಕುಡಗೋಲು ಕಸ್ತೂರೆಮ್ಮನ ಕೈಯಲ್ಲೇ ನಿಂತಿತು. “ಯಾರು ಹೇಳಿದ್ರವ್ವ ನಿಮಗ?”

“ಮೊಬೈಲಿನ್ಯಾಗ ನೋಡೀವ್ರಿ. ಈಕೀಗೆ ಮೂರ್ಛಿ ಬರತೈತಿ. ಯಾರ್ಯಾರೋ ದೇವ್ರಿಗೆ ಹೋಗಿ ಬಂದ್ವಿ.”

ಕಸ್ತೂರೆಮ್ಮ ಕುಡಗೋಲು ಕೆಳಗಿಟ್ಟಳು. ಇಷ್ಟು ದಿನವಾದರೂ ಆ ಮುಖ ಇನ್ನೂ ಯಾರ್ಯಾರದೋ ಕೈಯಲ್ಲಿ ಓಡಾಡುತ್ತಿದೆಯಲ್ಲ ಅನ್ನಿಸಿತು. “ಇಲ್ಲಿ ದೇವ್ರಿಲ್ಲ ತಂಗಿ. ನಮ್ಮತ್ತಿ ಇದ್ಲು. ಈಗ ಇಲ್ಲ” ಅಂದಳು.

ಆ ಹೆಂಗಸು ನಂಬಲಿಲ್ಲ. “ಹಂಗನಬ್ಯಾಡ್ರಿ, ಸಿಂಧನೂರ ಆಚಿಂದ ಬಂದೀವಿ” ಅಂತ ಅತ್ತಿತ್ತ ನೋಡಿ, ಸಿಮೆಂಟಿನ ಚೇಂಬರೇ ಗದ್ದಿಗೆ ಅಂದುಕೊಂಡು, ಅದರ ಅಂಚಿಗೆ ಕಾಯಿ ಒಡೆದು, ಮಗಳ ತಲೆ ಬಗ್ಗಿಸಿದಳು. ಕಸ್ತೂರೆಮ್ಮ ತಡೆಯಲು ಕೈ ಎತ್ತಿದವಳು ಹಂಗೇ ಇಳಿಸಿದಳು. ಮನೆಗೆ ಕರೆದುಕೊಂಡು ಹೋಗಿ ಅನ್ನ, ಪುಂಡಿಪಲ್ಯ ಬಡಿಸಿದಳು. ಉಂಡಾದ ಮೇಲೆ ಗಂಗಾವತಿಯ ದೊಡ್ಡ ದವಾಖಾನೆಗೆ ಹೆಂಗೆ ಹೋಗಬೇಕು, ಮೂರ್ಛೆಗೆ ಗುಳಿಗೆ ಕೊಡುವ ಡಾಕ್ಟರು ಯಾವ ದಿನ ಇರುತ್ತಾರೆ ಅಂತ ಎರಡೆರಡು ಸಲ ತಿಳಿಸಿ ಹೇಳಿ, ಬಸ್ಸಿಗೆ ಹತ್ತಿಸಿ ಬಂದಳು.

ಸಂಜೆ ಹನಮೇಶ ಬಂದಾಗ ನಡೆದದ್ದನ್ನು ಹೇಳಿದಳು. ಅವನು ತುತ್ತು ಹಿಡಿದು ಕೇಳಿದ. ಆಮೇಲೆ ತುತ್ತು ಬಾಯಿಗಿಟ್ಟು ನುಂಗಿದ.

“ಗುಳಿಗಿ ತಗೋತಾಳಂತೇನು ಆ ಹುಡುಗಿ?” ಅಂದ.

“ತಗೋತೀನಿ ಅಂತ ಅವ್ವ ಇಲ್ಲದಾಗ ನನ್ನ ಕಿವಿಯಾಗ ಹೇಳಿದ್ಲು” ಅಂದಳು ಕಸ್ತೂರೆಮ್ಮ, ಅವನ ತಟ್ಟೆಗೆ ಇನ್ನಷ್ಟು ಸಾರು ಹಾಕುತ್ತಾ.